ಹಕ್ಕಿ ಬಿದ್ದಲ್ಲಿ ಮೀನು

ನಾನು ಕಡಲಹಕ್ಕಿಗಳ ಅಧ್ಯಯನ ಮಾಡುವವನು ಎಂದು ಪರಿಚಯ ಹೇಳಿಕೊಂಡ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ, 'ಅದಕ್ಕೆ ಸಂಬಳ ಯಾರು ಕೊಡುತ್ತಾರೆ?' ಎರಡನೆಯದು, 'ಅದರಿಂದ ಏನು ಪ್ರಯೋಜನ?' ಮೊದಲ ಪ್ರಶ್ನೆಗೆ ಇಪ್ಪತ್ತು ವರ್ಷಗಳ ಬಳಿಕವೂ ನನ್ನ ಬಳಿ ನೇರ ಉತ್ತರವಿಲ್ಲ. ಒಂದು ವರ್ಷ ಯಾವುದೋ ಸಂಶೋಧನಾ ಯೋಜನೆ, ಇನ್ನೊಂದು ವರ್ಷ ಒಂದು ಸಲಹಾ ಸಮಿತಿ, ಮತ್ತೊಂದು ವರ್ಷ ಬರೀ ಉಳಿತಾಯದ ಹಣ. ಎರಡನೆಯ ಪ್ರಶ್ನೆಗೆ ನನಗಿಂತ ಚೆನ್ನಾಗಿ ಉತ್ತರ ಕೊಡಬಲ್ಲವರು ಮೀನುಗಾರರು. ಮಲ್ಪೆಯಿರಲಿ, ಉಳ್ಳಾಲವಿರಲಿ, ಭಟ್ಕಳವಿರಲಿ, ಹಳೆಯ ತಂಡೇಲರನ್ನು ಕೇಳಿ ನೋಡಿ. ಹಕ್ಕಿ ಬಿದ್ದಲ್ಲಿ ಮೀನಿದೆ ಎಂದು ಅವರು ಹೇಳುತ್ತಾರೆ. ಫಿಶ್ ಫೈಂಡರ್ ಯಂತ್ರ ಬರುವ ಮೊದಲು ಆಳ ಸಮುದ್ರದಲ್ಲಿ ಅವರಿಗಿದ್ದ ಯಂತ್ರ ಅದೊಂದೇ. ರೆಕ್ಕೆ ಇದ್ದ ಯಂತ್ರ.

ಇದರ ಹಿಂದಿನ ಲೆಕ್ಕಾಚಾರ ಸರಳವಾಗಿದೆ. ನಮ್ಮ ಕಡೆ 'ಕೇದರ' ಎಂದು ಕರೆಯುವ ಟ್ಯೂನಾ ಮೀನಿನ ಹಿಂಡು ಸಣ್ಣ ಮೀನುಗಳನ್ನು ಬೆನ್ನಟ್ಟಿ ಕೆಳಗಿನಿಂದ ಮೇಲಕ್ಕೆ ಅಟ್ಟುತ್ತದೆ. ಜೀವ ಉಳಿಸಿಕೊಳ್ಳಲು ಸಣ್ಣ ಮೀನು ನೀರಿನ ಮೇಲ್ಮೈಗೆ ಬಂದು ಚಿಮ್ಮುತ್ತದೆ. ಅಲ್ಲಿ ರೀವಗಳು ಕಾಯುತ್ತಿರುತ್ತವೆ. ರೀವ ಎಂದರೆ ಇಂಗ್ಲಿಷಿನಲ್ಲಿ ಟರ್ನ್ ಎನ್ನುವ ಹಕ್ಕಿ. ತೆಳ್ಳಗಿನ ಮೈ, ಉದ್ದ ರೆಕ್ಕೆ, ಕವಲೊಡೆದ ಬಾಲ. ಅವುಗಳಲ್ಲಿ ಹಲವು ಆಳಕ್ಕೆ ಮುಳುಗಲಾರವು. ಟ್ಯೂನಾ ಕೆಳಗಿನಿಂದ ಅಟ್ಟದಿದ್ದರೆ ಅವಕ್ಕೆ ಊಟವಿಲ್ಲ. ಹಕ್ಕಿ ನೋಡುವುದು ಟ್ಯೂನಾವನ್ನು, ಮನುಷ್ಯ ನೋಡುವುದು ಹಕ್ಕಿಯನ್ನು. ಸಮುದ್ರದಲ್ಲಿ ಟ್ಯೂನಾ ಕಡಿಮೆಯಾದರೆ ಹಕ್ಕಿಯೂ ಕಡಿಮೆಯಾಗುತ್ತದೆ. ನಾವು ಹಕ್ಕಿ ಎಣಿಸುವುದು ಹಕ್ಕಿಗಾಗಿ ಮಾತ್ರ ಅಲ್ಲ. ನೀರಿನ ಕೆಳಗೆ ಇಳಿದು ಮೀನು ಎಣಿಸುವುದು ಕಷ್ಟ, ಖರ್ಚಿನದು. ಮೇಲೆ ಹಾರುವುದನ್ನು ಎಣಿಸಬಹುದು.

ಮಂಗಳೂರಿನ ಬಂದರಿನ ಓಣಿಗಳಲ್ಲಿ ಬೆಳೆದವರಿಗೆ ಲಕ್ಷದ್ವೀಪವೆಂದರೆ ಪ್ರವಾಸಿ ತಾಣದ ಕ್ಯಾಲೆಂಡರ್ ಚಿತ್ರವಲ್ಲ. ಅದೊಂದು ವಾಸನೆ. ಹಳೆ ಬಂದರಿಗೆ ಬರುವ ಮಂಜಿಗಳು ಅಲ್ಲಿಂದ ಕೊಬ್ಬರಿ, ಒಣಗಿಸಿದ ಮಾಸ್‌ಮೀನು ಇಳಿಸಿ, ಇಲ್ಲಿಂದ ಸಿಮೆಂಟು, ಜಲ್ಲಿ, ಅಕ್ಕಿ, ತರಕಾರಿ ತುಂಬಿಕೊಂಡು ಹೋಗುತ್ತವೆ. ಟ್ಯೂನಾವನ್ನು ಬೇಯಿಸಿ, ಹೊಗೆ ಕೊಟ್ಟು, ಬಿಸಿಲಿಗೆ ಒಣಗಿಸಿ ಮರದ ತುಂಡಿನಷ್ಟು ಗಟ್ಟಿ ಮಾಡಿದ್ದೇ ಮಾಸ್. ಈ ಸಂಬಂಧ ನಿನ್ನೆ ಮೊನ್ನೆಯದಲ್ಲ. ಹದಿನೆಂಟನೆಯ ಶತಮಾನದ ಎಂಬತ್ತರ ದಶಕದಲ್ಲಿ ಕಣ್ಣೂರಿನ ಅರಕ್ಕಲ್ ಆಡಳಿತದಿಂದ ಬೇಸತ್ತ ಅಮಿನಿ ದ್ವೀಪದ ಜನ ಟಿಪ್ಪು ಸುಲ್ತಾನನ ಮೊರೆಹೊಕ್ಕರು. 1799ರ ನಂತರ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳು ಬ್ರಿಟಿಷರ ಕೈಗೆ ಬಂದು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದವು. 1956ರಲ್ಲಿ ಲಕ್ಷದ್ವೀಪ ಕೇಂದ್ರಾಡಳಿತ ಪ್ರದೇಶವಾಗುವವರೆಗೂ ಅವುಗಳ ಕಲೆಕ್ಟರ್ ಕೂತಿದ್ದು ಮಂಗಳೂರಿನಲ್ಲಿ. ಈ ವಿಷಯವನ್ನು ನಮ್ಮ ಕಾಲೇಜು ಹುಡುಗರಿಗೆ ಹೇಳಿದರೆ ಅವರು ನಂಬುವುದಿಲ್ಲ. ಇರಲಿ.

ಕವರತ್ತಿಯಿಂದ ವಾಯವ್ಯಕ್ಕೆ ಸುಮಾರು 24 ಕಿ.ಮೀ. ದೂರದಲ್ಲಿ ಪಿಟ್ಟಿ ಎಂಬ ಒಂದು ದ್ವೀಪವಿದೆ. ದ್ವೀಪ ಎಂದರೆ ನೀವು ತೆಂಗಿನ ಮರ, ಮಸೀದಿ, ಬಿಳಿ ಮರಳು ಕಲ್ಪಿಸಿಕೊಳ್ಳಬೇಡಿ. ಮರ ಇಲ್ಲ, ಸಿಹಿನೀರಿಲ್ಲ, ಸುತ್ತ ಲಗೂನ್ ಇಲ್ಲ, ದೋಣಿ ಕಟ್ಟಲು ಜಾಗವಿಲ್ಲ. ಸುಮಾರು 1.2 ಹೆಕ್ಟೇರ್ ಅಗಲದ ಮರಳು, ಒಡೆದ ಹವಳ, ಒಂದಿಷ್ಟು ಬಂಡೆ. ಮೂರು ಎಕರೆಗೆ ಸ್ವಲ್ಪ ಕಡಿಮೆ. ನಮ್ಮಲ್ಲಿ ಒಂದು ಶಾಲೆಯ ಆಟದ ಮೈದಾನವೇ ಅಷ್ಟಿರುತ್ತದೆ. ದ್ವೀಪದವರು ಇದನ್ನು ಪಕ್ಷಿಪಿಟ್ಟಿ ಎನ್ನುತ್ತಾರೆ. ಮಸಿ ಬಣ್ಣದ ಬೆನ್ನಿನ ಸೂಟಿ ಟರ್ನ್, ಕಂದು ಬಣ್ಣದ ನಾಡಿ, ಜುಟ್ಟಿನ ದೊಡ್ಡ ರೀವ, ಇವು ಅಲ್ಲಿ ಮೊಟ್ಟೆಯಿಡುತ್ತವೆ. ನಮ್ಮ ದೇಶದಲ್ಲಿ ಇಂಥ ಹಕ್ಕಿಗಳು ಒಟ್ಟಾಗಿ ಸಂಸಾರ ಹೂಡುವ ಜಾಗಗಳು ಬೆರಳೆಣಿಕೆಯಷ್ಟು. ಮುಂದೆ ಕಾಂಗ್ರೆಸ್ ಪಕ್ಷದ ಸ್ಥಾಪಕರಲ್ಲಿ ಒಬ್ಬರೆನಿಸಿದ ಎ.ಒ. ಹ್ಯೂಮ್ 1875ರಲ್ಲಿ ಹಡಗಿನಲ್ಲಿ ಲಕ್ಷದ್ವೀಪ ಸುತ್ತಿ, ಪಿಟ್ಟಿಯ ಬಗ್ಗೆಯೂ ಬರೆದರು. 1995ರಲ್ಲಿ ಅದು ಪಕ್ಷಿಧಾಮವಾಯಿತು. 2020ರಲ್ಲಿ ಸುತ್ತಲಿನ ಸಮುದ್ರವನ್ನೂ ಸೇರಿಸಿ, ಲಕ್ಷದ್ವೀಪವನ್ನು ದೀರ್ಘಕಾಲ ಲೋಕಸಭೆಯಲ್ಲಿ ಪ್ರತಿನಿಧಿಸಿದ ಪಿ.ಎಂ. ಸಯೀದರ ಹೆಸರಿನಲ್ಲಿ ಕಡಲಹಕ್ಕಿ ಸಂರಕ್ಷಣಾ ಮೀಸಲು ಪ್ರದೇಶ ಘೋಷಣೆಯಾಯಿತು.

ಅಲ್ಲಿಗೆ ಇಳಿಯಲು ಅನುಮತಿ ಬೇಕು. ಅನುಮತಿ ಸಿಕ್ಕರೂ ಅಲೆ ಅನುಮತಿ ಕೊಡಬೇಕು. ದೋಣಿ ಸ್ವಲ್ಪ ದೂರದಲ್ಲಿ ನಿಲ್ಲುತ್ತದೆ, ನಾವು ಎದೆಮಟ್ಟದ ನೀರಿಗೆ ಇಳಿದು ದುರ್ಬೀನು, ಪುಸ್ತಕ, ಹಗ್ಗವನ್ನು ತಲೆಯ ಮೇಲೆ ಹೊತ್ತು ಹೋಗುತ್ತೇವೆ. ದ್ವೀಪ ಕಣ್ಣಿಗೆ ಕಾಣುವ ಮೊದಲೇ ಮೂಗಿಗೆ ಬಡಿಯುತ್ತದೆ. ಹಿಕ್ಕೆಯ ಆ ವಾಸನೆ ಬಟ್ಟೆಯಿಂದ ನಾಲ್ಕು ಒಗೆತಕ್ಕೂ ಹೋಗುವುದಿಲ್ಲ. ನನ್ನ ಮನೆಯವರು ಆ ಬಟ್ಟೆಗಳಿಗೆ ಬೇರೆಯೇ ಬಕೆಟ್ ಇಟ್ಟಿದ್ದಾರೆ. ಆಮೇಲೆ ಸದ್ದು. ಸಾವಿರಾರು ಹಕ್ಕಿಗಳು ಒಟ್ಟಿಗೆ ಕೂಗುವಾಗ ಪಕ್ಕದಲ್ಲಿ ನಿಂತವನೊಂದಿಗೆ ಮಾತಾಡಲು ಕಿವಿಗೆ ಬಾಯಿ ಇಡಬೇಕು. ಹಗ್ಗದಿಂದ ನೆಲವನ್ನು ಚೌಕಗಳಾಗಿ ಮಾಡಿ, ಕೆಲವು ಚೌಕಗಳಲ್ಲಿ ಮೊಟ್ಟೆ, ಮರಿ ಎಣಿಸಿ, ಅದರಿಂದ ಒಟ್ಟು ಲೆಕ್ಕ ಅಂದಾಜು ಮಾಡುವುದು ನಮ್ಮ ಕೆಲಸ. ಬೇಗ ಮುಗಿಸಬೇಕು. ನಾವು ಹತ್ತಿರ ಹೋದಾಗ ತಾಯಿ ಹಾರಿದರೆ ಮೊಟ್ಟೆ ಬಿಸಿಲಿಗೆ ಬೀಳುತ್ತದೆ. ಆ ಮರಳಿನ ಮೇಲೆ ಮಧ್ಯಾಹ್ನ ಬರಿಗಾಲು ಇಡಲಾಗದು. ಹಕ್ಕಿ ಮೊಟ್ಟೆಯ ಮೇಲೆ ಕೂರುವುದು ಬಿಸಿ ಕೊಡುವುದಕ್ಕಿಂತ ಹೆಚ್ಚಾಗಿ ನೆರಳು ಕೊಡಲು. ಹಾಗಾಗಿ ಬೆಳಗ್ಗೆ ಬೇಗ, ಸಂಜೆ ತಡವಾಗಿ. ನಡುವೆ ದೋಣಿಯಲ್ಲಿ ತೂಗಾಡುತ್ತಾ ಕೂರಬೇಕು. ಕಡಲಿನ ಮಗನೆಂದು ಹೇಳಿಕೊಳ್ಳುವ ನನಗೆ ಕಡಲ ವಾಂತಿ ಇಂದಿಗೂ ತಪ್ಪಿಲ್ಲ ಎನ್ನುವುದು ದೋಣಿಯವರಿಗೆ ತೀರದ ತಮಾಷೆ.

ಸೂಟಿ ಟರ್ನ್ ವಿಚಿತ್ರ ಹಕ್ಕಿ. ಸಮುದ್ರದಲ್ಲೇ ಬದುಕುವ ಅದರ ಗರಿಗೆ ನೀರು ತಡೆಯುವ ಶಕ್ತಿ ಸಾಲದು. ನೀರಿನ ಮೇಲೆ ಹೆಚ್ಚು ಹೊತ್ತು ಕೂತರೆ ನೆನೆದು ಮುಳುಗುತ್ತದೆ. ಹೀಗಾಗಿ ಗೂಡು ಬಿಟ್ಟ ಮರಿ ಮತ್ತೆ ಸಂಸಾರಕ್ಕೆಂದು ನೆಲಕ್ಕೆ ಬರುವವರೆಗೆ ವರ್ಷಗಟ್ಟಲೆ ಬಹುಪಾಲು ಗಾಳಿಯಲ್ಲೇ ಕಳೆಯುತ್ತದೆ ಎಂದು ಪಕ್ಷಿತಜ್ಞರು ಹೇಳುತ್ತಾರೆ. ಬದುಕಿದರೆ ಮೂವತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲದು. ಆದರೆ ಒಂದು ಸಲಕ್ಕೆ ಇಡುವುದು ಒಂದೇ ಮೊಟ್ಟೆ. ಕೋಳಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನಾಲ್ಕು ದೋಣಿಯವರು ನಾಲ್ಕು ಬುಟ್ಟಿ ಮೊಟ್ಟೆ ಒಯ್ದರೆ ಆ ವರ್ಷದ ಒಂದು ತಲೆಮಾರೇ ಹೋಯಿತು. ಆ ನಷ್ಟ ಕಣ್ಣಿಗೆ ಕಾಣಲು ಹತ್ತು ಹದಿನೈದು ವರ್ಷ ಬೇಕು, ಯಾಕೆಂದರೆ ಹಳೆಯ ಹಕ್ಕಿಗಳು ಇನ್ನೂ ಬರುತ್ತಲೇ ಇರುತ್ತವೆ. ಊರು ತುಂಬ ಮುದುಕರಿದ್ದು ಮಕ್ಕಳಿಲ್ಲದ ಹಾಗೆ.

ಮೊಟ್ಟೆ ಒಯ್ಯುವ ವಿಷಯ ನಾನು ತೆಗೆದದ್ದು ಕವರತ್ತಿಯ ಒಬ್ಬ ಹಿರಿಯ ಮೀನುಗಾರರ ಬಳಿ. ಬ್ಯಾರಿ, ಮಲಯಾಳಂ ಎರಡನ್ನೂ ಕಲಸಿ ನಾನು ಮಾತಾಡಿದರೆ ಅವರ ಜಸರಿಯಲ್ಲಿ ಉತ್ತರ ಬರುತ್ತಿತ್ತು. ಅವರು ಸಿಟ್ಟಾಗಲಿಲ್ಲ. 'ಹಿಂದೆ ತಿನ್ನಲು ಬೇರೆ ಏನಿತ್ತು?' ಎಂದರು. ಮಳೆಗಾಲದಲ್ಲಿ ಮಂಗಳೂರಿನ ಮಂಜಿ ಬಾರದೆ ಅಕ್ಕಿ ಮುಗಿದ ವರ್ಷಗಳನ್ನು ನೆನಪಿಸಿದರು. ಬಿತ್ರಾ ದ್ವೀಪದ ಕತೆ ಹೇಳಿದರು. ಅಲ್ಲಿ ಜನ ನೆಲೆಸುವ ಮೊದಲು ಅದು ಹಕ್ಕಿಗಳ ದ್ವೀಪವಾಗಿತ್ತು, ಚೆತ್ಲಾತ್ ಮತ್ತು ಕಿಲ್ತಾನಿನವರು ಹಕ್ಕಿ, ಮೊಟ್ಟೆಗಾಗಿ ಅಲ್ಲಿಗೆ ಹೋಗಿ ಬರುತ್ತಿದ್ದರು. ಈಗ ಬಿತ್ರಾದಲ್ಲಿ ಮನೆಗಳಿವೆ, ಮಲಿಕ್ ಮುಲ್ಲಾ ಎಂಬ ಅರಬ್ ಸಂತರ ದರ್ಗಾ ಇದೆ, ಹಿಂದಿನ ಆ ಹಕ್ಕಿಗಳ ಸಂತೆ ಇಲ್ಲ. ಆಮೇಲೆ ಅವರೇ ಒಂದು ಮಾತು ಹೇಳಿದರು. 'ಹಕ್ಕಿ ಇಲ್ಲದ ಸಮುದ್ರದಲ್ಲಿ ಡೀಸೆಲ್ ಸುಡುತ್ತಾ ಮೀನು ಹುಡುಕುವುದು ಕಣ್ಣು ಕಟ್ಟಿಕೊಂಡು ಸೂಜಿ ಹುಡುಕಿದ ಹಾಗೆ. ಮೊಟ್ಟೆ ತಿಂದವನು ಇವತ್ತಿನ ಸಾರು ತಿಂದ, ನಾಳೆಯ ಮೀನು ತಿಂದ.' ನಾನು ಬರೆದ ವರದಿಗಳ ಹತ್ತು ಪುಟಗಳಲ್ಲಿ ಇಷ್ಟು ಚೆನ್ನಾಗಿ ಬಂದಿಲ್ಲ. ಪಿಟ್ಟಿಗೆ ಬೋರ್ಡು ಹಾಕುವುದಕ್ಕಿಂತ ಈ ಹಿರಿಯರನ್ನು ಶಾಲೆಗಳಿಗೆ ಕರೆದುಕೊಂಡು ಹೋಗುವುದು ಒಳ್ಳೆಯದು ಎಂದು ಸಲಹೆ ಬರೆದೆ. ಬೋರ್ಡಿಗೆ ಹಣ ಇರುತ್ತದೆ, ಹಿರಿಯರಿಗೆ ಇರುವುದಿಲ್ಲ.

ಅವರ ಮೀನುಗಾರಿಕೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ಲಕ್ಷದ್ವೀಪದವರು ಟ್ಯೂನಾವನ್ನು ಮುಖ್ಯವಾಗಿ ಬಲೆ ಹಾಕಿ ಹಿಡಿಯುವವರಲ್ಲ. ಉದ್ದನೆಯ ಕೋಲು, ಮುಳ್ಳಿಲ್ಲದ ಗಾಳ. ಲಗೂನಿನಲ್ಲಿ ಹಿಡಿದ ಸಣ್ಣ ಜೀವಂತ ಮೀನನ್ನು ಹಿಂಡಿನ ಮೇಲೆ ಚೆಲ್ಲಿ, ನೀರು ಚಿಮುಕಿಸಿ, ಒಂದೊಂದೇ ಮೀನನ್ನು ದೋಣಿಯೊಳಕ್ಕೆ ಎಸೆಯುತ್ತಾರೆ. ಮಿನಿಕಾಯ್‌ಯವರ ಈ ವಿದ್ಯೆಯನ್ನು ಉಳಿದ ದ್ವೀಪಗಳವರು ಕಳೆದ ಶತಮಾನದ ಅರುವತ್ತರ ದಶಕದಲ್ಲಿ ಕಲಿತರು. ಇದರಲ್ಲಿ ಆಮೆ ಸಾಯುವುದಿಲ್ಲ, ಹಕ್ಕಿ ಸಾಯುವುದಿಲ್ಲ, ಬೇಡದ ಮೀನು ರಾಶಿ ಬೀಳುವುದಿಲ್ಲ. ಜಗತ್ತಿನ ಸಂರಕ್ಷಣಾ ಸಭೆಗಳಲ್ಲಿ ಮಾದರಿ ಎಂದು ಹೊಗಳುವ ಪದ್ಧತಿ ಇದು. ಆದರೆ ಚಾರೆ ಮೀನು ಬೇಕೆಂದರೆ ಲಗೂನ್ ಚೆನ್ನಾಗಿರಬೇಕು, ಲಗೂನ್ ಚೆನ್ನಾಗಿರಬೇಕೆಂದರೆ ಹವಳ ಬದುಕಬೇಕು.

ಹವಳಕ್ಕೂ ಹಕ್ಕಿಗೂ ಏನು ಸಂಬಂಧ? ಲಕ್ಷದ್ವೀಪ, ಮಾಲ್ಡೀವ್ಸ್, ಚಾಗೋಸ್ ಎಲ್ಲವೂ ಸಮುದ್ರದಡಿಯ ಒಂದೇ ಪರ್ವತ ಸಾಲಿನ ಮೇಲೆ ಕೂತಿವೆ. ದಕ್ಷಿಣ ತುದಿಯ ಚಾಗೋಸ್‌ನಲ್ಲಿ ಕೆಲವು ದ್ವೀಪಗಳಿಗೆ ಹಡಗಿನ ಮೂಲಕ ಇಲಿ ಹೊಕ್ಕಿತು, ಕೆಲವಕ್ಕೆ ಹೊಕ್ಕಲಿಲ್ಲ. ವಿಜ್ಞಾನಿಗಳು ಎರಡನ್ನೂ ಹೋಲಿಸಿ 2018ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಇಲಿಯಿಲ್ಲದ ದ್ವೀಪಗಳಲ್ಲಿ ಕಡಲಹಕ್ಕಿಗಳ ಸಾಂದ್ರತೆ 760 ಪಟ್ಟು ಹೆಚ್ಚು. ಅವುಗಳ ಹಿಕ್ಕೆಯಿಂದ ನೆಲಕ್ಕೆ ಸೇರುವ ಸಾರಜನಕ 251 ಪಟ್ಟು ಹೆಚ್ಚು. ಆ ಗೊಬ್ಬರ ಮಳೆಯಲ್ಲಿ ಕರಗಿ ಸಮುದ್ರಕ್ಕಿಳಿದು, ಪಕ್ಕದ ಹವಳ ದಂಡೆಯಲ್ಲಿ ಮೀನಿನ ಒಟ್ಟು ತೂಕ ಶೇಕಡ 48ರಷ್ಟು ಹೆಚ್ಚಿತ್ತು. ಇಲಿ ಮೊಟ್ಟೆ ತಿಂದರೆ ಮೀನು ಬಡವಾಗುತ್ತದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸಿದ ಅಧ್ಯಯನವನ್ನು ನಾನು ಓದಿಲ್ಲ. ಲಕ್ಷದ್ವೀಪದಲ್ಲಿ ಈ ಸಂಗತಿ ಹೇಳಿದಾಗ ಜನ ಹಕ್ಕಿಗಾಗಿ ತಲೆದೂಗಲಿಲ್ಲ, ಇಲಿಗಾಗಿ ತಲೆದೂಗಿದರು. ಅವರ ತೆಂಗಿನಕಾಯಿ ಕೊರೆಯುವ ಶತ್ರು ಅದು. ಆಗಲಿ, ಶತ್ರು ಒಬ್ಬನೇ ಆದರೆ ಸಾಕು.

ಇನ್ನು ನಮ್ಮ ಕರಾವಳಿಗೆ ಬರೋಣ. ಕರ್ನಾಟಕದ ಕಡಲತೀರದಲ್ಲಿ ನನ್ನ ಕೆಲಸದ ಕಾಲ ಜೂನ್‌ನಿಂದ ಸೆಪ್ಟೆಂಬರ್. ಅಂದರೆ ಬೇರೆಯವರೆಲ್ಲ ಕಡಲಿಗೆ ಬೆನ್ನು ಹಾಕಿ ಕೂರುವ ಹೊತ್ತು. ಮುಂಗಾರಿನ ಗಾಳಿ ಜೋರಾದಾಗ ನಡುಗಡಲಿನ ಹಕ್ಕಿಗಳು ದಣಿದು, ಹಸಿದು ದಡಕ್ಕೆ ಬಂದು ಬೀಳುತ್ತವೆ. ಸೂಟಿ ಟರ್ನ್, ನಾಡಿ, ಮುಖವಾಡದ ಬೂಬಿ, ಅಂಟಾರ್ಕ್ಟಿಕದ ಕಡೆಯಿಂದ ಬರುವ ಗುಬ್ಬಿಗಿಂತ ತುಸು ದೊಡ್ಡದಾದ ವಿಲ್ಸನ್ಸ್ ಸ್ಟಾರ್ಮ್ ಪೆಟ್ರೆಲ್. ಫೋನು ಬರುತ್ತದೆ: 'ಸರ್, ಕಪ್ಪು ಬಾತುಕೋಳಿ ಸಿಕ್ಕಿದೆ, ಹಾರುವುದಿಲ್ಲ.' ಜನರ ಮನಸ್ಸು ಒಳ್ಳೆಯದು. ಎತ್ತಿಕೊಂಡು ಮತ್ತೆ ಸಮುದ್ರಕ್ಕೇ ಬಿಡುತ್ತಾರೆ, ಅಥವಾ ಬಕೆಟಿನ ನೀರಿನಲ್ಲಿ ಕೂರಿಸುತ್ತಾರೆ. ಎರಡೂ ಅದನ್ನು ಕೊಲ್ಲುತ್ತವೆ. ಇದನ್ನು ಓದುವವರಲ್ಲಿ ಕರಾವಳಿಯವರಿದ್ದರೆ ದಯವಿಟ್ಟು ನೆನಪಿಡಿ. ಗಾಳಿಯಾಡುವ ರಟ್ಟಿನ ಪೆಟ್ಟಿಗೆ, ಒಣ ಬಟ್ಟೆ, ಕತ್ತಲೆ, ಸದ್ದಿಲ್ಲದ ಮೂಲೆ. ಬಾಯಿಗೆ ತುರುಕಿ ಏನನ್ನೂ ತಿನ್ನಿಸಬೇಡಿ. ಬೂಬಿಯಾದರೆ ಕೊಕ್ಕಿನಿಂದ ಮುಖ ದೂರವಿಡಿ, ಅದು ಕಣ್ಣಿಗೇ ಗುರಿಯಿಡುತ್ತದೆ. ಅರಣ್ಯ ಇಲಾಖೆಗೆ ತಿಳಿಸಿ.

ಕಾಲಿನಲ್ಲಿ ಉಂಗುರವೋ ಬೆನ್ನಲ್ಲಿ ಯಂತ್ರವೋ ಇದ್ದರೆ ಮೊದಲು ತಿಳಿಸುವುದು ಪೊಲೀಸರಿಗೆ, ಆಮೇಲೆ ಟಿವಿಯವರಿಗೆ. 2024ರ ನವೆಂಬರ್‌ನಲ್ಲಿ ಕಾರವಾರದ ಕಡೆ ಕಾಣಿಸಿಕೊಂಡ ರಣಹದ್ದಿನ ಬೆನ್ನಲ್ಲಿ ಟ್ರ್ಯಾಕರ್ ಇತ್ತು. ಬೇಹುಗಾರಿಕೆಯ ಗುಲ್ಲೆದ್ದ ಮೇಲೆ ಅದು ಮಹಾರಾಷ್ಟ್ರದ ರಣಹದ್ದು ಸಂರಕ್ಷಣಾ ಯೋಜನೆಯದೆಂದು ತಿಳಿಯಿತು. ನೌಕಾನೆಲೆ, ಅಣುಸ್ಥಾವರ ಎರಡೂ ಇರುವ ಜಿಲ್ಲೆಯಲ್ಲಿ ಪೊಲೀಸರು ವಿಚಾರಿಸುವುದು ತಪ್ಪಲ್ಲ. ಆದರೆ ಹಕ್ಕಿಗೆ ಕಟ್ಟುವ ಯಂತ್ರ ಹಕ್ಕಿ ಎಲ್ಲಿದೆ ಎಂಬುದನ್ನು ಮಾತ್ರ ಹೇಳುತ್ತದೆ. ಹಡಗು ಎಲ್ಲಿದೆ ಎಂಬುದನ್ನು ತಿಳಿಯಲು ಹಕ್ಕಿಯ ಸಹಾಯ ಬೇಕಾದ ಕಾಲ ಮುಗಿದು ಬಹಳ ವರ್ಷವಾಯಿತು.

ಹಕ್ಕಿ ಎಣಿಸುವುದು ನನ್ನ ಅರ್ಧ ಕೆಲಸ. ಇನ್ನರ್ಧ ಸಲಹೆ ಕೊಡುವುದು. ಸಲಹೆಗಾರ ಎಂಬ ಪದಕ್ಕೆ ತೂಕವಿದೆ, ಆದರೆ ಸಲಹೆ ಕೇಳುವವರಿಗೆ ಬೇಕಿರುವುದು ಹೆಚ್ಚಿನ ಸಲ ಸಹಿ ಮಾತ್ರ. ಕೆಲವು ವರ್ಷಗಳ ಹಿಂದೆ ಕರಾವಳಿಯ ಒಂದು ಅಳಿವೆಯಲ್ಲಿ ಅಲೆತಡೆಗೋಡೆ ಕಟ್ಟುವ ಪ್ರಸ್ತಾಪವಿತ್ತು. ಪರಿಸರ ವರದಿ ತಯಾರಿಸುತ್ತಿದ್ದ ಒಂದು ಸಂಸ್ಥೆ ಪಕ್ಷಿಗಳ ಅಧ್ಯಾಯವನ್ನು ನನ್ನ ಮುಂದಿಟ್ಟಿತು. ನಾಲ್ಕು ದಿನದ ಸಮೀಕ್ಷೆ, ಮೇ ತಿಂಗಳ ಕೊನೆಯ ವಾರ. 'ಗಣನೀಯ ಪಕ್ಷಿಸಂಕುಲ ಕಂಡುಬರಲಿಲ್ಲ' ಎಂಬ ಒಂದು ಸಾಲು. ಸುಳ್ಳಲ್ಲ. ಆ ನಾಲ್ಕು ದಿನ ಕಂಡುಬಂದಿರಲಾರದು. ಆ ಅಳಿವೆಯ ಮರಳುದಿಬ್ಬದ ಮೇಲೆ ಡಿಸೆಂಬರ್, ಜನವರಿಯಲ್ಲಿ ಲಡಾಖ್, ಟಿಬೆಟ್‌ನ ಸರೋವರಗಳಲ್ಲಿ ಹುಟ್ಟಿದ ಕಂದುತಲೆಯ ಕಡಲಕಾಗೆಗಳು, ಹಿಮಾಲಯದಾಚೆಯ ಮರಳು ಗೊರವಗಳು ಸಾವಿರಗಟ್ಟಲೆ ಕೂತು ವಿಶ್ರಮಿಸುತ್ತವೆ. ಏಪ್ರಿಲ್ ಮುಗಿಯುವ ಹೊತ್ತಿಗೆ ಹೆಚ್ಚಿನವು ಹೊರಟುಹೋಗಿರುತ್ತವೆ. ಶಾಲೆಗೆ ಬೇಸಗೆ ರಜೆಯಲ್ಲಿ ಹೋಗಿ 'ಇಲ್ಲಿ ಮಕ್ಕಳಿಲ್ಲ' ಎಂದು ಬರೆದ ಹಾಗೆ. ಚಳಿಗಾಲದಲ್ಲಿ ಇನ್ನೊಮ್ಮೆ ಸಮೀಕ್ಷೆ ಆಗಲಿ ಎಂದೆ. ವೇಳಾಪಟ್ಟಿ ಒಪ್ಪುವುದಿಲ್ಲ ಎಂದರು. ಸಹಿ ಹಾಕಲಿಲ್ಲ. ನನ್ನ ಬಾಕಿ ಹಣ ಬರಲಿಲ್ಲ. ವರದಿ ಬೇರೊಂದು ಸಹಿಯೊಂದಿಗೆ ಹೋಯಿತು.

ಕತೆ ಇಲ್ಲಿಗೇ ನಿಂತಿದ್ದರೆ ನಾನು ಒಳ್ಳೆಯವನು, ಅವರು ಕೆಟ್ಟವರು ಎಂದು ಬರೆದು ಮುಗಿಸಬಹುದಿತ್ತು. ಅಹವಾಲು ಸಭೆಗೆ ನಾನೂ ಹೋದೆ. ಚಳಿಗಾಲದ ಹಕ್ಕಿಗಳ ಬಗ್ಗೆ ಮಾತಾಡಿದೆ. ನಾನು ಕೂತ ಮೇಲೆ ಹಿಂದಿನ ಸಾಲಿನಿಂದ ಮೀನು ಮಾರುವ ಒಬ್ಬ ಹೆಂಗಸು ಎದ್ದು ನಿಂತಳು. ಅವಳ ತಮ್ಮ ಅದೇ ಅಳಿವೆ ಬಾಯಿಯಲ್ಲಿ ದೋಣಿ ಮಗುಚಿ ಸತ್ತಿದ್ದ. ನಮ್ಮ ಕರಾವಳಿಯ ಅಳಿವೆಗಳು ಹೂಳು ತುಂಬಿ, ಅಲೆ ಒಡೆಯುವ ಜಾಗದಲ್ಲಿ ದೋಣಿ ಮಗುಚಿ ಜನ ಸಾಯುವುದು ಹೊಸ ಸುದ್ದಿಯಲ್ಲ, ನೀವೂ ಪತ್ರಿಕೆಗಳಲ್ಲಿ ಓದಿರುತ್ತೀರಿ. ಅವಳು ಕೂಗಾಡಲಿಲ್ಲ. 'ಇವರು ಹೇಳುವ ಹಕ್ಕಿ ಲಡಾಖಿನಿಂದ ಬರುತ್ತದಂತೆ. ಅದಕ್ಕೆ ಹೋಗಲು ಬೇರೆ ಅಳಿವೆ ಇದೆ. ನಮ್ಮ ಹುಡುಗರಿಗೆ ಇದೊಂದೇ ದಾರಿ' ಎಂದಳು. ಸಭೆ ಚಪ್ಪಾಳೆ ತಟ್ಟಿತು.

ಅವಳಿಗೆ ಕೊಡಲು ನನ್ನಲ್ಲಿ ಉತ್ತರವಿತ್ತು. ಅದು ಆ ಕ್ಷಣಕ್ಕೆ ಹೇಳುವಂಥದ್ದಾಗಿರಲಿಲ್ಲ ಅಷ್ಟೆ. ಗೋಡೆ ಕಟ್ಟಬೇಡಿ ಎಂದು ನಾನು ಹೇಳಿರಲಿಲ್ಲ. ಗೋಡೆ ಕಟ್ಟಿದರೆ ಮರಳು ಒಂದು ಕಡೆ ಶೇಖರವಾಗಿ ಇನ್ನೊಂದು ಕಡೆ ಕೊರೆಯುತ್ತದೆ. ನಮ್ಮ ಕರಾವಳಿಯಲ್ಲಿ ತಡೆಗೋಡೆಯ ಪಕ್ಕದ ಊರಿನ ಮನೆಗಳು ಕಡಲಿಗೆ ಹೋದದ್ದನ್ನು ಕಂಡವರು ಬೇಕಾದಷ್ಟಿದ್ದಾರೆ. ದಿಬ್ಬ ಹೋದರೆ ಹಕ್ಕಿಯ ಹಿಂದೆ ಮನೆಯೂ ಹೋಗುತ್ತದೆ. ಗೋಡೆಯ ಉದ್ದ, ದಿಕ್ಕು ಸ್ವಲ್ಪ ಬದಲಿಸಿದರೆ, ತೆಗೆದ ಮರಳನ್ನು ಮಾರದೆ ಕೊರೆಯುವ ಕಡೆಗೆ ಸುರಿದರೆ ಎರಡನ್ನೂ ಉಳಿಸಿಕೊಳ್ಳುವ ಸಾಧ್ಯತೆಯಿದೆ. ಆದರೆ ಅದಕ್ಕೆ ಮೊದಲು 'ಇಲ್ಲಿ ಹಕ್ಕಿ ಇದೆ' ಎಂದು ಕಾಗದದಲ್ಲಿ ಇರಬೇಕು. ಕಾಗದದಲ್ಲಿ ಇಲ್ಲದ್ದನ್ನು ಯಾವ ಎಂಜಿನಿಯರೂ ಉಳಿಸುವುದಿಲ್ಲ. ಸಭೆಯ ನಂತರ ಅವಳ ಬುಟ್ಟಿಯ ಪಕ್ಕ ಕೂತು ಇದನ್ನೇ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. 'ಇದನ್ನೆಲ್ಲ ಮೈಕಿನಲ್ಲಿ ಹೇಳಬೇಕಿತ್ತು, ಹಕ್ಕಿಯ ಹೆಸರು ಹೇಳುವ ಬದಲು' ಎಂದಳು. ಮಾತಿನಲ್ಲಿ ಅರ್ಥವಿತ್ತು. ಅಂದಿನಿಂದ ಯಾವುದೇ ಸಭೆಯಲ್ಲಿ ನಾನು ಮಾತು ಶುರುಮಾಡುವುದು ಮರಳಿನಿಂದ, ಮೀನಿನಿಂದ. ಹಕ್ಕಿ ಮೂರನೆಯದಾಗಿ ಬರುತ್ತದೆ.

ಮೀನುಗಾರ ಮತ್ತು ಹಕ್ಕಿ ಎದುರಾಳಿಗಳೆಂದು ನಂಬುವವರಿಗೆ ನಾನು ಹೇಳುವ ಉದಾಹರಣೆ ನಮೀಬಿಯಾ ದೇಶದ್ದು. ಅಲ್ಲಿ ಕಿಲೋಮೀಟರ್‌ಗಟ್ಟಲೆ ಉದ್ದದ ಗಾಳದ ಹಗ್ಗದಲ್ಲಿ ಚಾರೆ ಕಂಡು ಎರಗಿದ ಆಲ್ಬಟ್ರಾಸ್, ಪೆಟ್ರೆಲ್‌ಗಳು ಕೊಕ್ಕೆಗೆ ಸಿಕ್ಕಿ ಮುಳುಗಿ ಸಾಯುತ್ತಿದ್ದವು. ಪರಿಹಾರ ಹಾಸ್ಯಾಸ್ಪದ ಎನ್ನುವಷ್ಟು ಸರಳ. ದೋಣಿಯ ಹಿಂದೆ ಬಣ್ಣದ ಪಟ್ಟಿಗಳನ್ನು ನೇತುಹಾಕಿದ ಒಂದು ಹಗ್ಗ ಎಳೆದುಕೊಂಡು ಹೋದರೆ ಹಕ್ಕಿ ಹೆದರಿ ದೂರವಿರುತ್ತದೆ. ಸಲಹೆಗಾರರು ದಡದಲ್ಲಿ ಕೂತು ಬರೆಯಲಿಲ್ಲ, ಮೀನುಗಾರರ ಜೊತೆ ಹಡಗಿನಲ್ಲಿ ತಿಂಗಳುಗಟ್ಟಲೆ ಹೋದರು. ವಾಲ್ವಿಸ್ ಬೇ ಊರಿನ ಒಂದು ಮಹಿಳಾ ಗುಂಪು ಆ ಹಗ್ಗಗಳನ್ನು ಕಟ್ಟಿ ಮಾರಿ ಸಂಪಾದನೆ ಮಾಡಿತು. 2015ರಲ್ಲಿ ಹಗ್ಗ ಕಡ್ಡಾಯವಾಯಿತು. ಗಾಳದ ಹಡಗುಗಳಲ್ಲಿ ಹಕ್ಕಿಗಳ ಸಾವು ಶೇಕಡ 98ರಷ್ಟು ಇಳಿಯಿತು. ಮೀನುಗಾರನಿಗೂ ಲಾಭವೇ, ಹಕ್ಕಿ ತಿಂದ ಚಾರೆಗೆ ಮೀನು ಬೀಳುವುದಿಲ್ಲವಲ್ಲ. ನಮ್ಮಲ್ಲಿ ಬೆಳಕಿನ ಮೀನುಗಾರಿಕೆಯನ್ನೂ ಬುಲ್ ಟ್ರಾಲಿಂಗನ್ನೂ ಕೇಂದ್ರ ಸರಕಾರ 2017ರ ನವೆಂಬರ್‌ನಲ್ಲಿ ಕಾಗದದ ಮೇಲೆ ನಿಷೇಧಿಸಿತು. ಆಮೇಲೂ ಅಂಥ ದೋಣಿಗಳನ್ನು ಹಿಡಿದ ಸುದ್ದಿ ನಿಂತಿಲ್ಲ. ದೋಣಿಯವರ ಜೊತೆ ಯಾರೂ ಕೂರಲಿಲ್ಲ ಎಂಬುದೇ ನನ್ನ ದೂರು.

ಜಗತ್ತಿನಲ್ಲಿ ಲೆಕ್ಕ ಇಟ್ಟಿರುವ ಕಡಲಹಕ್ಕಿಗಳ ಸಂಖ್ಯೆ 1950ರಿಂದ 2010ರ ನಡುವೆ ಶೇಕಡ 70ರಷ್ಟು ಇಳಿದಿದೆ. ನಮ್ಮ ಪಾಲಿನ ಸಮುದ್ರದಲ್ಲಿ ಇಂಥ ದೀರ್ಘ ಲೆಕ್ಕವೇ ಇಲ್ಲ. 2025ರ ಮೇ 25ರಂದು ಕೊಚ್ಚಿಯ ಆಚೆ ಎಂಎಸ್‌ಸಿ ಎಲ್ಸಾ 3 ಹಡಗು 640 ಕಂಟೇನರ್‌ಗಳೊಂದಿಗೆ ಮುಳುಗಿತು. ಅದರಲ್ಲಿದ್ದ ಪ್ಲಾಸ್ಟಿಕ್ ಕಾಳುಗಳು ಕೇರಳದ ದಡಕ್ಕೆ ಬಿಳಿ ಅಕ್ಕಿಯ ಹಾಗೆ ಬಂದು ಬಿದ್ದವು. ಮೀನಿನ ಮೊಟ್ಟೆಯೆಂದು ಭ್ರಮಿಸಿ ಹಕ್ಕಿಗಳು ಇದನ್ನು ನುಂಗುತ್ತವೆ. 'ಎಷ್ಟು ಹಕ್ಕಿಗೆ ತೊಂದರೆಯಾಯಿತು?' ಎಂದು ಪತ್ರಕರ್ತರೊಬ್ಬರು ಕೇಳಿದರು. ಮುಳುಗುವ ಮೊದಲು ಎಷ್ಟಿದ್ದವು ಎಂದು ಎಣಿಸಿದ್ದರೆ ತಾನೇ ಈಗ ಎಷ್ಟು ಹೋದವೆಂದು ಹೇಳುವುದು? ಇಪ್ಪತ್ತು ವರ್ಷಗಳಿಂದ ನಾನು ಎಲ್ಲ ಸಮಿತಿಗಳ ಮುಂದೆ ಕೇಳಿದ್ದು ಅದನ್ನೇ. ದೊಡ್ಡ ಯಂತ್ರವಲ್ಲ, ಹಡಗಿನಲ್ಲಿ ಒಂದು ಜಾಗ, ಪ್ರತಿ ವರ್ಷ ಅದೇ ತಿಂಗಳು, ಅದೇ ದಾರಿ. ಒಂದು ಬದಿಯ 300 ಮೀಟರ್ ಪಟ್ಟಿಯಲ್ಲಿ ಕಂಡದ್ದನ್ನು ಬರೆಯುವುದು. ಕೆಲವು ವರ್ಷ ಸಿಕ್ಕಿತು, ಹೆಚ್ಚಿನ ವರ್ಷ ಸಿಗಲಿಲ್ಲ.

ಪಿಟ್ಟಿ ಎಷ್ಟು ದಿನ ಇರುತ್ತದೆ ಎಂಬ ಪ್ರಶ್ನೆಯೂ ಇದೆ. ಬಂಗಾರಂ ಹವಳ ವಲಯದ ಪರಳಿ 1 ಎಂಬ ಜನವಸತಿಯಿಲ್ಲದ ಪುಟ್ಟ ದ್ವೀಪ ಸವೆದು ಸವೆದು ಇಲ್ಲವಾದದ್ದು 2017ರಲ್ಲಿ ಸುದ್ದಿಯಾಯಿತು. 1998, 2010, 2016, 2024, ನಾಲ್ಕು ಸಲ ಬಿಸಿನೀರಿಗೆ ಲಕ್ಷದ್ವೀಪದ ಹವಳ ಬಿಳುಚಿತು. ದ್ವೀಪಕ್ಕೆ ಮರಳು ಕೊಡುವುದೂ ಅಲೆ ತಡೆಯುವುದೂ ಹವಳ. ಪಿಟ್ಟಿ ಹೋದರೆ ಆ ಹಕ್ಕಿಗಳಿಗೆ ಲಡಾಖಿನ ಕಡಲಕಾಗೆಯ ಹಾಗೆ ಬೇರೆ ಅಳಿವೆ ಇಲ್ಲ. ಉಳಿದ ದ್ವೀಪಗಳಲ್ಲಿ ಜನ, ತೆಂಗು, ಬೆಕ್ಕು, ಇಲಿ ಎಲ್ಲ ಇವೆ. ಇಲಿಯನ್ನು ತೆಗೆದು ಒಂದು ಖಾಲಿ ದ್ವೀಪವನ್ನು ಹಕ್ಕಿಗಳಿಗೆ ಸಿದ್ಧಮಾಡಿ ಇಡಬೇಕೆಂದು ನಾನು ಬರೆದುಕೊಟ್ಟ ಟಿಪ್ಪಣಿ ಯಾವುದೋ ಮೇಜಿನ ಮೇಲಿದೆ. ಅದರ ಪ್ರತಿಯೊಂದನ್ನು ಕವರತ್ತಿಯ ಆ ಹಿರಿಯರಿಗೂ ಮಲಯಾಳಂನಲ್ಲಿ ಬರೆದು ಕಳಿಸಿದ್ದೆ. ಹೋದ ತಿಂಗಳು ಅವರ ಮಗ ಫೋನ್ ಮಾಡಿದ್ದ. ತಂದೆಗೆ ಈಗ ಕಣ್ಣು ಮಂಜಾಗಿದೆಯಂತೆ, ದೋಣಿಗೆ ಹೋಗುವುದಿಲ್ಲವಂತೆ. ಟಿಪ್ಪಣಿಯಲ್ಲಿ ನಾನು ಸೂಚಿಸಿದ ದ್ವೀಪ ಸರಿಯಲ್ಲ, ಅಲ್ಲಿ ಮಳೆಗಾಲದ ಅಲೆ ಮಧ್ಯದವರೆಗೂ ಬರುತ್ತದೆ ಎಂದು ಹೇಳಿಸಿದ್ದರು. ಬೇರೆ ಎರಡು ಹೆಸರು ಕೊಟ್ಟಿದ್ದರು. ಮಳೆ ಕಳೆದ ಮೇಲೆ ಅವೆರಡನ್ನೂ ನೋಡಿ ಬರಲು ಅನುಮತಿಗೆ ಅರ್ಜಿ ಹಾಕಿದ್ದೇನೆ.